ಮೊದಲ ವಿದೇಶ ಪ್ರವಾಸ: ಮೊದಲು ತಿಂಗಳು ಗೊತ್ತು ಮಾಡಿ, ಊರು ಆಮೇಲೆ

ಪ್ರಶ್ನೆ: ನಾನು ಹಾಸನದ ಸರ್ಕಾರಿ ಪ್ರೌಢಶಾಲೆಯಲ್ಲಿ ಶಿಕ್ಷಕಿ. ನಮ್ಮ ಯಜಮಾನರು ಸಹಕಾರ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದಾರೆ. ಮಗಳು ಎಂಟನೇ ತರಗತಿ, ಮಗನಿಗೆ ಆರು ವರ್ಷ. ಅತ್ತೆಯವರಿಗೆ 67. ಅವರಿಗೆ ಮಂಡಿ ನೋವು, ಬಿಪಿ ಮಾತ್ರೆಯೂ ಇದೆ. ನಾವು ಯಾರೂ ಇದುವರೆಗೆ ದೇಶ ಬಿಟ್ಟು ಹೋದವರಲ್ಲ. ಬರುವ ಬೇಸಿಗೆಯಲ್ಲಿ ಐದೂ ಜನ ಒಟ್ಟಿಗೆ ಹೋಗೋಣ ಎಂದು 4 ಲಕ್ಷ ರೂಪಾಯಿ ಎತ್ತಿಟ್ಟಿದ್ದೇವೆ. ಯಜಮಾನರಿಗೆ ಸ್ವಿಟ್ಜರ್ಲೆಂಡ್ ಆಸೆ, ಮಗಳಿಗೆ ಬಾಲಿ. ನೆಂಟರೆಲ್ಲ ದುಬೈ ಅನ್ನುತ್ತಾರೆ. ನಾವು ಸಸ್ಯಾಹಾರಿಗಳು. ಎಲ್ಲಿಗೆ ಹೋಗುವುದು, ಯಾವಾಗ ಹೋಗುವುದು?

ಉತ್ತರ: ನೀವು ‘ಎಲ್ಲಿಗೆ’ ಅನ್ನುವುದನ್ನು ಮೊದಲು ಕೇಳಿದ್ದೀರಿ. ನನ್ನ ಹತ್ತಿರ ಬರುವ ಹತ್ತರಲ್ಲಿ ಒಂಬತ್ತು ಮನೆಯವರು ಹೀಗೇ ಕೇಳುತ್ತಾರೆ. ನಾನು ಇದನ್ನು ತಿರುಗಿಸುತ್ತೇನೆ. ಮೊದಲು ತಿಂಗಳು ಗೊತ್ತಾಗಲಿ. ಆ ತಿಂಗಳಲ್ಲಿ ಯಾವ ಊರು ಚೆನ್ನಾಗಿರುತ್ತದೆ ಅನ್ನುವುದನ್ನು ಆಮೇಲೆ ನೋಡೋಣ. ಊರು ಮೊದಲು ಆರಿಸಿ, ರಜೆ ಸಿಕ್ಕಾಗ ಹೋಗಿ ಕಷ್ಟಪಟ್ಟವರನ್ನು ನಾನು ಬಹಳ ನೋಡಿದ್ದೇನೆ. ಅವರಲ್ಲಿ ನಾನೂ ಒಬ್ಬ.

ಹದಿನೈದು ವರ್ಷದ ಹಿಂದೆ ಅಪ್ಪ ಅಮ್ಮನನ್ನು ಮೊದಲ ಸಲ ವಿದೇಶಕ್ಕೆ ಕರೆದುಕೊಂಡು ಹೋದೆ. ಥಾಯ್ಲೆಂಡಿನ ಫುಕೆಟ್, ಜುಲೈ ತಿಂಗಳು. ಟಿಕೆಟ್, ಹೋಟೆಲ್ ಎರಡೂ ಅರ್ಧ ಬೆಲೆಗೆ ಸಿಕ್ಕಿದ್ದವು. ಯಾಕೆ ಅರ್ಧ ಬೆಲೆ ಎಂದು ನಾನು ವಿಚಾರಿಸಲಿಲ್ಲ. ಹೋದ ದಿನವೇ ಮಳೆ ಹಿಡಿಯಿತು. ಕಡಲ ದಂಡೆಯ ಮೇಲೆ ಕೆಂಪು ಬಾವುಟ, ನೀರಿಗೆ ಇಳಿಯುವಂತಿಲ್ಲ. ದ್ವೀಪಕ್ಕೆ ಹೋಗುವ ದೋಣಿ ಎರಡು ದಿನ ಹೊರಡಲಿಲ್ಲ. ಅಪ್ಪ ಕಿಟಕಿ ಹತ್ತಿರ ಕುರ್ಚಿ ಹಾಕಿಕೊಂಡು ಕೂತವರು, ‘ಇದು ನಮ್ಮ ಆಗುಂಬೆ ಮಳೆನೇ ಅಲ್ವೇನೋ’ ಅಂದರು. ಅಕ್ಷರಶಃ ಸರಿ. ಜುಲೈಯಲ್ಲಿ ಮಲೆನಾಡಿಗೆ ಬರುವ ನೈಋತ್ಯ ಮಾರುತವೇ ಬಂಗಾಳ ಕೊಲ್ಲಿ ದಾಟಿ ಫುಕೆಟ್ ಕರಾವಳಿಗೂ ಹೊಡೆಯುತ್ತದೆ.

ಆವತ್ತಿನಿಂದ ನಾನು ಏಷ್ಯಾದ ನಕ್ಷೆಯನ್ನು ಮುಂಗಾರು, ಹಿಂಗಾರು ಎಂದೇ ಓದುತ್ತೇನೆ. ನಿಮಗೂ ಇದು ಸುಲಭ. ನಮ್ಮ ಮುಂಗಾರು ಹೊತ್ತಿನಲ್ಲಿ, ಅಂದರೆ ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ, ಶ್ರೀಲಂಕಾದ ಪಶ್ಚಿಮ ಮತ್ತು ದಕ್ಷಿಣ ಕರಾವಳಿಯಲ್ಲೂ, ಥಾಯ್ಲೆಂಡಿನ ಫುಕೆಟ್ ಮತ್ತು ಕ್ರಾಬಿಯಲ್ಲೂ ಮಳೆ. ಹಿಂಗಾರು ಹೊತ್ತಿನಲ್ಲಿ ಅದು ಮಗ್ಗುಲು ಬದಲಿಸುತ್ತದೆ. ಆಗ ಶ್ರೀಲಂಕಾದ ಪೂರ್ವದ ಟ್ರಿಂಕೋಮಲಿ, ಥಾಯ್ಲೆಂಡಿನ ಕೊ ಸಮುಯ್, ಮಲೇಷ್ಯಾದ ಪೂರ್ವ ಕರಾವಳಿ ನೆನೆಯುತ್ತವೆ. ಅದಕ್ಕೇ ‘ಶ್ರೀಲಂಕಾಗೆ ಯಾವಾಗ ಹೋಗಬೇಕು’ ಅಂದರೆ ಒಂದೇ ಉತ್ತರ ಇಲ್ಲ. ಕೊಲಂಬೊ, ಗಾಲೆ ಕಡೆಗೆ ಡಿಸೆಂಬರ್‌ನಿಂದ ಮಾರ್ಚ್. ಟ್ರಿಂಕೋಮಲಿ ಕಡೆಗೆ ಮೇಯಿಂದ ಸೆಪ್ಟೆಂಬರ್. ಬಾಲಿ ಭೂಮಧ್ಯರೇಖೆಯ ಆಚೆ ಇದೆ, ಅದರ ಲೆಕ್ಕ ನಮ್ಮದಕ್ಕೆ ಉಲ್ಟಾ. ನಮಗೆ ಜಡಿಮಳೆ ಇರುವಾಗ ಅಲ್ಲಿ ಬಿಸಿಲು, ನಮಗೆ ಸಂಕ್ರಾಂತಿ ಹೊತ್ತಿಗೆ ಅಲ್ಲಿ ಮಳೆ.

ಈಗ ನಿಮ್ಮ ಕ್ಯಾಲೆಂಡರ್ ನೋಡೋಣ. ನೀವು ಸರ್ಕಾರಿ ಶಾಲೆಯ ಶಿಕ್ಷಕಿ. ನಿಮಗೆ ಮಕ್ಕಳ ಜೊತೆ ಒಟ್ಟಿಗೆ ಸಿಗುವುದು ಎರಡೇ ರಜೆ: ದಸರಾ ಮತ್ತು ಬೇಸಿಗೆ. ಡಿಸೆಂಬರ್ ಕೊನೆಯ ವಾರ ನಿಮ್ಮ ಕೈಯಲ್ಲಿಲ್ಲ. ಇದ್ದರೂ ಬೇಡ ಅನ್ನುತ್ತಿದ್ದೆ. ಆ ಹತ್ತು ದಿನಕ್ಕೆ ಎಲ್ಲ ಕಡೆ ದರ ಏರಿರುತ್ತದೆ, ಎಲ್ಲ ಕಡೆ ಸಾಲು ನಿಂತಿರುತ್ತದೆ. ಬೇಸಿಗೆ ರಜೆಯೂ ನಿಮಗೆ ಪೂರ್ತಿ ಸಿಗುವುದಿಲ್ಲ. ಏಪ್ರಿಲ್‌ನಲ್ಲಿ ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆ ಕರೆ ಬರಬಹುದು. ಈಗ ಪರೀಕ್ಷೆ ಒಂದಕ್ಕಿಂತ ಹೆಚ್ಚು ಸಲ ಇರುವುದರಿಂದ ಆಮೇಲೂ ಕೆಲಸ ಬೀಳಬಹುದು. ಮೇ ಕೊನೆಗೆ ಶಾಲೆ ಶುರು. ಮನೆಗೆ ಬಂದು ಒಂದು ವಾರ ಸುಧಾರಿಸಿಕೊಳ್ಳಲು ಬೇಕೇ ಬೇಕು.

ಉಳಿದದ್ದು ಮೇ ಮೊದಲ ಎರಡು ಮೂರು ವಾರ. ಅದರಲ್ಲಿ ಮೊದಲ ವಾರ ಬಿಟ್ಟುಬಿಡಿ. ಮೇ 1 ಎಷ್ಟೋ ದೇಶಗಳಲ್ಲಿ ರಜೆ, ಚೀನಾದಲ್ಲಿ ಅದು ಹಲವು ದಿನಗಳ ದೊಡ್ಡ ರಜೆ. ಆಗ ಅಲ್ಲಿನ ಜನ ಆಗ್ನೇಯ ಏಷ್ಯಾ ತುಂಬ ತಿರುಗುತ್ತಾರೆ. ಸಿಂಗಪುರದ ಶಾಲೆಗಳಿಗೆ ಜೂನ್‌ನಲ್ಲಿ ರಜೆ. ಹಾಗಾಗಿ ಮೇ ಎರಡನೇ ವಾರ ಈ ಎರಡು ಗುಂಪಿನ ನಡುವೆ ಸಿಗುವ ಸಂದು. ನಿಮ್ಮ ತಿಂಗಳು ಇದೇ.

ಮುಂದಿನ ವರ್ಷ ನೋಡೋಣ ಎಂದು ಮಾತ್ರ ತಳ್ಳಬೇಡಿ. ಬರುವ ಬೇಸಿಗೆಗೆ ಮಗಳು ಒಂಬತ್ತಕ್ಕೆ ಹೋಗುತ್ತಾಳೆ. ಅದರ ಮುಂದಿನ ಬೇಸಿಗೆಗೆ ಹತ್ತನೇ ತರಗತಿ. ಆಮೇಲೆ ಪಿಯುಸಿ. ಅತ್ತೆಯವರ ಮಂಡಿಯೂ ವರ್ಷದಿಂದ ವರ್ಷಕ್ಕೆ ಚಿಕ್ಕದಾಗುವ ನೋವಲ್ಲ. ಐದೂ ಜನ ಒಟ್ಟಿಗೆ ಹೋಗಲು ಇದೇ ಒಳ್ಳೆಯ ವರ್ಷ.

ತಿಂಗಳು ಸಿಕ್ಕಿತು. ಈಗ ಒಂದೊಂದೇ ಊರನ್ನು ಅದಕ್ಕೆ ಹಿಡಿದು ನೋಡೋಣ.

ಸ್ವಿಟ್ಜರ್ಲೆಂಡ್‌ಗೆ ಮೇ ಕೆಟ್ಟ ತಿಂಗಳೇನಲ್ಲ. ಆದರೆ ಐದು ಜನಕ್ಕೆ 4 ಲಕ್ಷದಲ್ಲಿ ಆಗುವುದಿಲ್ಲ. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾದ ಶುಲ್ಕವೇ ದೊಡ್ಡವರಿಗೆ ತಲಾ 90 ಯೂರೋ. ಅದರ ಮೇಲೆ 30,000 ಯೂರೋ ರಕ್ಷಣೆಯ ವಿಮೆ, ಬ್ಯಾಂಕ್ ಲೆಕ್ಕ, ಬೆರಳಚ್ಚಿಗೆ ಬೆಂಗಳೂರಿಗೆ ಓಡಾಟ. ಒಂದೂ ಮೊಹರು ಬೀಳದ ಪಾಸ್‌ಪೋರ್ಟ್ ಹಿಡಿದು ಇದರಿಂದ ಶುರು ಮಾಡುವುದು ಬೇಡ. ನಿಮ್ಮ ಯಜಮಾನರ ಆಸೆ ಎರಡನೆಯ ಅಥವಾ ಮೂರನೆಯ ಪ್ರವಾಸಕ್ಕೆ ಇರಲಿ.

ದುಬೈ ಹತ್ತಿರ, ನಾಲ್ಕು ಗಂಟೆ ಹಾರಾಟ. ಕನ್ನಡ, ತುಳು ಮಾತಾಡುವವರು ಸಿಗುತ್ತಾರೆ, ಸಸ್ಯಾಹಾರಿ ಹೋಟೆಲಿಗೂ ಕೊರತೆ ಇಲ್ಲ. ನೆಂಟರ ಮಾತು ತಪ್ಪಲ್ಲ. ಆದರೆ ಅವರು ಬಹುಶಃ ನವೆಂಬರ್‌ನಿಂದ ಮಾರ್ಚ್ ಒಳಗೆ ಹೋಗಿ ಬಂದವರು. ಮೇಯಲ್ಲಿ ಅಲ್ಲಿ ಮಧ್ಯಾಹ್ನ 38ರಿಂದ 40 ಡಿಗ್ರಿ. ಹಾಸನದ ಗಾಳಿಯಲ್ಲಿ ಬೆಳೆದ ಆರು ವರ್ಷದ ಮಗು, ಬಿಪಿ ಇರುವ ಅತ್ತೆ ಆ ಬಿಸಿಲಲ್ಲಿ ಟ್ಯಾಕ್ಸಿಗೆ ಕಾಯುವುದನ್ನು ನಾನು ಒಪ್ಪುವುದಿಲ್ಲ. ಇನ್ನೊಂದು ಹೆಸರಿನ ತೊಡಕೂ ಇದೆ, ಕೊನೆಯಲ್ಲಿ ಹೇಳುತ್ತೇನೆ.

ಬಾಲಿಗೆ ಮೇ ಹೇಳಿ ಮಾಡಿಸಿದ ತಿಂಗಳು. ಮಗಳು ಸರಿಯಾಗಿಯೇ ಕೇಳಿದ್ದಾಳೆ. ಅವಳಿಗೆ ಒಂದು ವಿಷಯ ಹೇಳಿ, ಖುಷಿಪಡುತ್ತಾಳೆ. ಬಾಲಿಯಲ್ಲೂ ಶಕ ವರ್ಷದ ಲೆಕ್ಕವೇ. ಅವರ ಹೊಸ ವರ್ಷ ‘ನ್ಯೇಪಿ’ ಎಷ್ಟೋ ಸಲ ನಮ್ಮ ಯುಗಾದಿಯ ಹತ್ತಿರವೇ ಬರುತ್ತದೆ. 2026ರಲ್ಲಿ ಎರಡಕ್ಕೂ ಒಂದೇ ದಿನ, ಮಾರ್ಚ್ 19. ಆ ದಿನ ದ್ವೀಪವಿಡೀ ಮೌನ. ಯಾರೂ ಹೊರಗೆ ಬರುವಂತಿಲ್ಲ, ವಿಮಾನ ನಿಲ್ದಾಣವನ್ನೇ 24 ಗಂಟೆ ಮುಚ್ಚುತ್ತಾರೆ. ಯುಗಾದಿ ರಜೆಯಲ್ಲಿ ಬಾಲಿಗೆ ಹೊರಡುವವರು ಇದನ್ನು ನೋಡಿಯೇ ಟಿಕೆಟ್ ಮಾಡಬೇಕು. ನಿಮಗೆ ನಾನು ಬಾಲಿ ಹೇಳದಿರುವುದು ಅತ್ತೆಯವರಿಗಾಗಿ. ಬೆಂಗಳೂರಿನಿಂದ ನೇರ ಹೋದರೂ ಸುಮಾರು ಏಳು ಗಂಟೆ. ಅಲ್ಲಿ ರೈಲು ಇಲ್ಲ, ದಿನವೂ ಕಾರಲ್ಲೇ ಗಂಟೆಗಟ್ಟಲೆ. ನೋಡುವ ಜಾಗಕ್ಕೆಲ್ಲ ಮೆಟ್ಟಿಲು.

ಶ್ರೀಲಂಕಾ ನನಗೆ ತುಂಬ ಇಷ್ಟದ ದೇಶ. ವಿಮಾನ ಹತ್ತಿ ಒಂದೂವರೆ ಗಂಟೆಯಲ್ಲಿ ಕೊಲಂಬೊ. ಗಡಿಯಾರ ಬದಲಿಸುವ ಕೆಲಸವೂ ಇಲ್ಲ. ಅನ್ನ, ಅಪ್ಪ, ಶಾವಿಗೆ, ತೆಂಗಿನಕಾಯಿ ಎಲ್ಲ ನಮ್ಮ ನಾಲಿಗೆಗೆ ಹತ್ತಿರ. ಖರ್ಚೂ ಕಡಿಮೆ. ಆದರೆ ಮೇ ಎರಡನೇ ವಾರಕ್ಕೆ ಅಲ್ಲಿ ಮುಂಗಾರು ಬಾಗಿಲಲ್ಲಿ ನಿಂತಿರುತ್ತದೆ. ಜೊತೆಗೆ ಅಲ್ಲಿ ಎಲ್ಲರೂ ಮೊದಲು ತೋರಿಸುವ ನುವಾರ ಎಲಿಯದ ಚಹಾ ತೋಟದ ತಂಪು ಸಕಲೇಶಪುರದ ಪಕ್ಕದಲ್ಲಿರುವ ನಿಮಗೆ ಹೊಸದಲ್ಲ. ಮನೆಯಿಂದ ಒಂದು ಗಂಟೆಯಲ್ಲಿ ಸಿಗುವುದನ್ನು ನೋಡಲು ಪಾಸ್‌ಪೋರ್ಟ್ ಯಾಕೆ? ರಜೆ ಜನವರಿಯಲ್ಲಿ ಸಿಗುವ ಮನೆಯವರಾಗಿದ್ದರೆ ಮೊದಲ ಪ್ರವಾಸಕ್ಕೆ ನಾನು ಶ್ರೀಲಂಕಾವನ್ನೇ ಹೇಳುತ್ತಿದ್ದೆ.

ಬ್ಯಾಂಕಾಕ್‌ಗೆ ಏಪ್ರಿಲ್, ಮೇ ವರ್ಷದಲ್ಲೇ ಅತಿ ಸೆಕೆಯ ಹೊತ್ತು. ಬೇಡ.

ಉಳಿದದ್ದು ಸಿಂಗಪುರ ಮತ್ತು ಮಲೇಷ್ಯಾದ ಕೌಲಾಲಂಪುರ. ಇವೆರಡೂ ಭೂಮಧ್ಯರೇಖೆಗೆ ಅಂಟಿಕೊಂಡಿವೆ. ಅಲ್ಲಿ ವರ್ಷಪೂರ್ತಿ ಹೆಚ್ಚುಕಡಿಮೆ ಒಂದೇ ಹವೆ. ಹಗಲು 31, 32 ಡಿಗ್ರಿ, ಬೆವರು, ಆಗಾಗ ಮಧ್ಯಾಹ್ನ ಗುಡುಗಿ ಒಂದು ಗಂಟೆ ಮಳೆ. ಮೇ ಅಲ್ಲಿ ವಿಶೇಷ ಒಳ್ಳೆಯದೂ ಅಲ್ಲ, ಕೆಟ್ಟದೂ ಅಲ್ಲ. ಬೇಸಿಗೆ ರಜೆ ಮಾತ್ರ ಸಿಗುವ ನಮ್ಮ ಮೇಷ್ಟ್ರು ಕುಟುಂಬಗಳಿಗೆ ಇದು ದೊಡ್ಡ ಅನುಕೂಲ.

ನಿಮಗೆ ನನ್ನ ಸಲಹೆ ಸಿಂಗಪುರ. ನಾಲ್ಕು ರಾತ್ರಿ, ಒಂದೇ ಹೋಟೆಲ್.

ಕಾರಣ ಅತ್ತೆಯವರ ಮಂಡಿ. ಅಲ್ಲಿ ಪ್ರತಿ ಮೆಟ್ರೋ ನಿಲ್ದಾಣದಲ್ಲೂ ಲಿಫ್ಟ್ ಇದೆ. ಫುಟ್‌ಪಾತ್ ಸಮ ಇದೆ, ಬಸ್ಸಿಗೆ ಗಾಲಿಕುರ್ಚಿ ಹತ್ತಿಸಬಹುದು. ಶೌಚಾಲಯ ಹುಡುಕಿ ಅಲೆಯಬೇಕಿಲ್ಲ. ನಲ್ಲಿ ನೀರು ಕುಡಿಯಬಹುದು. ಇವೆಲ್ಲ ಸಣ್ಣ ವಿಷಯ ಅನ್ನಿಸಬಹುದು. ಆದರೆ ವಯಸ್ಸಾದವರು ಪ್ರವಾಸದಲ್ಲಿ ಬಾಯಿ ಬಿಟ್ಟು ಹೇಳದ ಸಂಕಟಗಳು ಇವೇ. ಶೌಚಾಲಯದ ಭಯಕ್ಕೆ ನೀರೇ ಕುಡಿಯದೆ ಕೂರುವ ಅತ್ತೆ, ಅಮ್ಮಂದಿರನ್ನು ನಾನು ಪ್ರತಿ ಪ್ರವಾಸದಲ್ಲೂ ನೋಡಿದ್ದೇನೆ. ಅವರಿಗೆ ನಿರಾಳವಾದರೆ ಮನೆಯವರೆಲ್ಲರಿಗೂ ನಿರಾಳ.

ಎರಡನೆಯದು ಊಟ. ಲಿಟಲ್ ಇಂಡಿಯಾದ ಸೆರಂಗೂನ್ ರಸ್ತೆಯಲ್ಲಿ ಇಡ್ಲಿ, ದೋಸೆ, ಬಾಳೆಲೆ ಊಟ ಎಲ್ಲ ಇದೆ. ಅಲ್ಲಿನ ಕೋಮಲ ವಿಲಾಸ್ 1947ರಿಂದ ಇರುವ ಸಸ್ಯಾಹಾರಿ ಹೋಟೆಲು. ಅದೇ ರಸ್ತೆಯಲ್ಲಿ ಶ್ರೀನಿವಾಸ ಪೆರುಮಾಳ್ ದೇವಸ್ಥಾನವೂ ಇದೆ. ರೂಮನ್ನು ಈ ಬೀದಿಯ ಆಸುಪಾಸಲ್ಲೇ ಮಾಡಿ. ಬೆಳಗ್ಗೆ ಕಾಫಿ, ಇಡ್ಲಿ ನಡೆದು ಹೋಗುವಷ್ಟು ಹತ್ತಿರ ಇದ್ದರೆ ಅತ್ತೆಯವರ ಅರ್ಧ ಆತಂಕ ಹೋಗುತ್ತದೆ.

ವಿಮಾನದ ಹೊತ್ತು ಆರಿಸುವಾಗ ಜಾಗ್ರತೆ. ಬೆಂಗಳೂರಿನಿಂದ ನೇರ ಹಾರಾಟ ನಾಲ್ಕೂವರೆ ಗಂಟೆ. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ನಡುರಾತ್ರಿ ಹೊರಡುವ ವಿಮಾನ ಸ್ವಲ್ಪ ಅಗ್ಗ ಇರುತ್ತದೆ. ಅದರಲ್ಲಿ ಹೋದರೆ ಬೆಳಗ್ಗೆ ಇಳಿಯುತ್ತೀರಿ, ರೂಮು ಸಿಗುವುದು ಮಧ್ಯಾಹ್ನ ಎರಡು ಮೂರಕ್ಕೆ. ನಿದ್ದೆ ಇಲ್ಲದ ಮಗು, ಊದಿದ ಕಾಲಿನ ಅತ್ತೆ, ಹೋಟೆಲಿನ ಹಜಾರದ ಸೋಫಾ. ಮೊದಲ ದಿನ ಅಲ್ಲೇ ಮುಗಿಯುತ್ತದೆ. ಬೆಳಗ್ಗೆ ಹೊರಟು ಸಂಜೆ ಇಳಿಯುವ ವಿಮಾನಕ್ಕೆ ತಲಾ ಎರಡು ಸಾವಿರ ಜಾಸ್ತಿ ಆದರೂ ಕೊಡಿ. ಹಾಸನದಿಂದ ದೇವನಹಳ್ಳಿಗೆ ಕಾರಿನಲ್ಲಿ ನಾಲ್ಕೈದು ಗಂಟೆ, ಅದರ ಮೇಲೆ ಮೂರು ಗಂಟೆ ಮೊದಲು ಟರ್ಮಿನಲ್ ಎರಡರಲ್ಲಿ ಇರಬೇಕು. ಹಿಂದಿನ ಸಂಜೆಯೇ ಬಂದು ನಿಲ್ದಾಣದ ಹತ್ತಿರ ಅಥವಾ ನೆಂಟರ ಮನೆಯಲ್ಲಿ ಮಲಗಿ. ಟಿಕೆಟ್ ಮಾಡುವಾಗಲೇ ಅತ್ತೆಯವರಿಗೆ ಗಾಲಿಕುರ್ಚಿ ಕೇಳಿ, ಅದಕ್ಕೆ ದುಡ್ಡಿಲ್ಲ. ‘ನಾನೇನು ಕಾಯಿಲೆಯವಳಾ’ ಎಂದು ಬೇಡ ಅನ್ನಬಹುದು. ಆ ಟರ್ಮಿನಲ್ ಉದ್ದ ಎಷ್ಟಿದೆ ಎಂದು ಮೊದಲೇ ಹೇಳಿ ಒಪ್ಪಿಸಿ.

ದಿನಕ್ಕೆ ಒಂದೇ ದೊಡ್ಡ ಜಾಗ ಇಟ್ಟುಕೊಳ್ಳಿ. ಮಂಗಳೂರಿನ ಮೇ ತಿಂಗಳ ಸೆಕೆ ನೆನಪಿದೆಯಲ್ಲ, ಸಿಂಗಪುರ ಹಾಗೇ. ಬೆಳಗ್ಗೆ ಎಂಟಕ್ಕೆ ಹೊರಡಿ, ಹನ್ನೆರಡಕ್ಕೆ ರೂಮಿಗೆ ಬಂದು ಮಲಗಿ, ನಾಲ್ಕೂವರೆಗೆ ಮತ್ತೆ ಹೊರಡಿ. ಮೃಗಾಲಯದಲ್ಲಿ ಒಳಗೆ ಟ್ರಾಮ್ ಇದೆ, ಅತ್ತೆಯವರು ಕೂತೇ ನೋಡಬಹುದು. ಗಾರ್ಡನ್ಸ್ ಬೈ ದಿ ಬೇಯಲ್ಲಿ ಗಾಜಿನ ಮನೆಯೊಳಗೆ ಜಲಪಾತ ಇರುವ ಕ್ಲೌಡ್ ಫಾರೆಸ್ಟ್ ತಂಪಾಗಿರುತ್ತದೆ, ಅದಕ್ಕೆ ಟಿಕೆಟ್ ತೆಗೆದುಕೊಳ್ಳಿ. ಸಂಜೆ ಅಲ್ಲೇ ಹೊರಗಿನ ದೊಡ್ಡ ಕಬ್ಬಿಣದ ಮರಗಳ ಬೆಳಕು ಮತ್ತು ಸಂಗೀತ ಪುಕ್ಕಟೆ. ಎಲ್ಲರೂ ನೆಲದ ಮೇಲೆ ಅಂಗಾತ ಮಲಗಿ ನೋಡುತ್ತಾರೆ. ನಿಮ್ಮ ಮಗ ಊರಿಗೆ ಬಂದು ಎಲ್ಲರಿಗೂ ಹೇಳುವುದು ಅದನ್ನೇ ಆಗಿರುತ್ತದೆ. ಚಾಂಗಿ ನಿಲ್ದಾಣಕ್ಕೆ ಸೇರಿದ ಜ್ಯೂಯೆಲ್‌ನಲ್ಲಿ 40 ಮೀಟರ್ ಎತ್ತರದಿಂದ ಸುರಿಯುವ ನೀರನ್ನು ವಾಪಸ್ ಬರುವ ದಿನಕ್ಕೆ ಇಟ್ಟುಕೊಳ್ಳಿ. ಅದಕ್ಕೂ ದುಡ್ಡಿಲ್ಲ.

ಖರ್ಚಿನ ವಿಷಯ ಬಿಚ್ಚಿ ಹೇಳುತ್ತೇನೆ. ಸಿಂಗಪುರದಲ್ಲಿ ಹೋಟೆಲ್ ದುಬಾರಿ. ರೂಮುಗಳು ಚಿಕ್ಕವು, ಐದು ಜನಕ್ಕೆ ಎರಡು ಬೇಕಾಗುತ್ತದೆ. ಅದಕ್ಕೇ ನಾಲ್ಕು ರಾತ್ರಿ ಅಂದೆ, ಆರು ಅನ್ನಲಿಲ್ಲ. ನನ್ನ ಅಂದಾಜಿನಲ್ಲಿ ವಿಮಾನಕ್ಕೆ ಒಂದೂವರೆ ಲಕ್ಷ, ಎರಡು ರೂಮಿಗೆ ಒಂದು ಲಕ್ಷ, ಊಟ, ಓಡಾಟ, ಟಿಕೆಟ್‌ಗಳಿಗೆ ಒಂದು ಲಕ್ಷ ಆಗುತ್ತದೆ. ವೀಸಾ, ವಿಮೆ ಸೇರಿದರೂ 4 ಲಕ್ಷದ ಒಳಗೆ ಇರಬಹುದು. ಯೂನಿವರ್ಸಲ್ ಸ್ಟುಡಿಯೋಸ್‌ಗೆ ಐದೂ ಜನ ಹೋಗಬೇಕಿಲ್ಲ. ಮಗಳು ಮತ್ತು ಅಪ್ಪ ಹೋಗಲಿ. ಮಗ ಇನ್ನೂ ಚಿಕ್ಕವನು, ಎತ್ತರ ಸಾಲದೆ ಎಷ್ಟೋ ಸವಾರಿಗಳಿಗೆ ಬಿಡುವುದಿಲ್ಲ.

ಆದರೆ ಈ 4 ಲಕ್ಷದಲ್ಲಿ ಒಂದು ಲಕ್ಷ ಮನೆಗೆ ಉಳಿಯಲೇಬೇಕು ಅನ್ನುವುದಾದರೆ ಕೌಲಾಲಂಪುರಕ್ಕೆ ಹೋಗಿ. ರೂಮಿನ ದರ ಅರ್ಧದಷ್ಟು. ಭಾರತೀಯರಿಗೆ 2023ರ ಡಿಸೆಂಬರ್‌ನಿಂದ 30 ದಿನದವರೆಗೆ ವೀಸಾ ಬೇಕಿಲ್ಲ. ಈ ರಿಯಾಯಿತಿ ಸದ್ಯ 2026ರ ಕೊನೆಯವರೆಗೆ ಇದೆ. ಅಲ್ಲಿನ ಬತು ಗುಹೆಯ ಮುರುಗನ ಗುಡಿಗೆ 272 ಮೆಟ್ಟಿಲು, ಅತ್ತೆಯವರು ಹತ್ತುವುದು ಬೇಡ. 140 ಅಡಿ ಮುರುಗನ ಮೂರ್ತಿ ಕೆಳಗೇ ಇದೆ, ಅಲ್ಲೇ ಕೈಮುಗಿಯಲಿ. ಎರಡೂ ದೇಶ ಒಂದೇ ಸಲ ಬಸ್ಸಿನಲ್ಲಿ ಸುತ್ತಿಸುವ ಪ್ಯಾಕೇಜನ್ನು ಮಾತ್ರ ತೆಗೆದುಕೊಳ್ಳಬೇಡಿ. ಗಡಿಯಲ್ಲಿ ಎರಡು ಸಲ ಇಳಿದು, ಸಾಮಾನು ಎಳೆದುಕೊಂಡು ಸಾಲಲ್ಲಿ ನಿಲ್ಲಬೇಕು. ಮಂಡಿ ನೋವಿನವರಿಗೆ ಅದು ಶಿಕ್ಷೆ.

ಸಿಂಗಪುರ ವೀಸಾಗೆ ಅಲ್ಲಿನ ಸರ್ಕಾರ ಒಪ್ಪಿದ ಏಜೆಂಟರ ಮೂಲಕ ಅರ್ಜಿ ಹಾಕಬೇಕು. ಪ್ರಯಾಣದ ದಿನಕ್ಕೆ 30 ದಿನದ ಒಳಗೆ ಹಾಕಿದರೆ ಸಾಕು. ಅಲ್ಲಿ ಇಳಿಯುವ ಮೊದಲಿನ ಮೂರು ದಿನದ ಒಳಗೆ ಎಸ್‌ಜಿ ಅರೈವಲ್ ಕಾರ್ಡ್ ಎಂಬ ಆನ್‌ಲೈನ್ ಅರ್ಜಿ ತುಂಬಬೇಕು, ಅದು ಉಚಿತ. ದುಡ್ಡು ಕೇಳುವ ಜಾಲತಾಣ ಸಿಕ್ಕಿದರೆ ಅದು ಸರ್ಕಾರದ್ದಲ್ಲ ಎಂದೇ ತಿಳಿಯಿರಿ. ವಿಮೆ ಮಾಡಿಸುವಾಗ ಅತ್ತೆಯವರ ಬಿಪಿಯನ್ನು ಮುಚ್ಚಿಡಬೇಡಿ. ಬರೆಸದ ಕಾಯಿಲೆಗೆ ಪರಿಹಾರ ಸಿಗುವುದು ಕಷ್ಟ. ಮಾತ್ರೆ ಪಟ್ಟಿಯ ಸಮೇತ, ಡಾಕ್ಟರ ಚೀಟಿಯ ಜೊತೆ ಕೈಚೀಲದಲ್ಲೇ ಇರಲಿ.

ತಿಂಡಿ ಕಟ್ಟುವಾಗ ಮೂರು ವಿಷಯ ಗಮನಿಸಿ. ಚಟ್ನಿಪುಡಿ, ಕೋಡುಬಳೆ ಒಯ್ಯಿರಿ. ಗಸಗಸೆ ಬೇಡ, ಗಸಗಸೆ ಹಾಕಿದ ಮಸಾಲೆಪುಡಿಯೂ ಬೇಡ. ಸಿಂಗಪುರದಲ್ಲೂ ದುಬೈಯಲ್ಲೂ ಅದು ನಿಷಿದ್ಧ ವಸ್ತು. ನಮಗೆ ಪಾಯಸದ ಸಾಮಾನು, ಅಲ್ಲಿ ಅದು ಅಫೀಮು ಗಿಡದ ಬೀಜ. ಒಣ ಕೊಬ್ಬರಿ ಬಟ್ಟಲು ಬೇಡ. ಅದರಲ್ಲಿ ಎಣ್ಣೆ ಜಾಸ್ತಿ, ಬೆಂಕಿ ಹತ್ತುವ ವಸ್ತು ಎಂದು ತೆಗೆದಿಡುತ್ತಾರೆ. ಅರಸೀಕೆರೆ ಕಡೆಯವರು ಯಾರಿಗಾದರೂ ಕೊಡಲು ಕೊಬ್ಬರಿ ಕಟ್ಟುವುದು ಸಹಜ, ಅದಕ್ಕೇ ಹೇಳಿದೆ. ಮನೆಯಲ್ಲಿ ಯಾರಿಗಾದರೂ ಎಲೆ ಅಡಿಕೆಯ ಜೊತೆ ಹೊಗೆಸೊಪ್ಪಿನ ಅಭ್ಯಾಸ ಇದ್ದರೆ ಅದನ್ನು ಊರಲ್ಲೇ ಬಿಟ್ಟು ಬರಲಿ. ಅಗಿಯುವ ತಂಬಾಕನ್ನು ಸಿಂಗಪುರ ಒಳಗೇ ಬಿಡುವುದಿಲ್ಲ.

ಇನ್ನು ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ, ಪಾಸ್‌ಪೋರ್ಟ್. ನಮ್ಮಲ್ಲಿ ಇದು ಹೆಸರಿನ ವಿಷಯಕ್ಕೇ ಸಿಕ್ಕಿಹಾಕಿಕೊಳ್ಳುತ್ತದೆ. ಆಧಾರ್‌ನಲ್ಲಿ ಒಂದು ಇನಿಶಿಯಲ್, ಅಂಕಪಟ್ಟಿಯಲ್ಲಿ ಎರಡು, ಬ್ಯಾಂಕಿನಲ್ಲಿ ಗಂಡನ ಹೆಸರು. ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಅತ್ತೆಯವರ ತಲೆಮಾರಿನಲ್ಲಿ ಬರೀ ‘ಲಕ್ಷ್ಮಮ್ಮ’, ‘ಪುಟ್ಟಮ್ಮ’ ಎಂದು ಒಂದೇ ಹೆಸರು ಇರುವವರು ಬಹಳ. ಹಾಗೆ ಒಂದೇ ಹೆಸರಿನ ಪಾಸ್‌ಪೋರ್ಟ್ ಇದ್ದವರಿಗೆ 2022ರ ನವೆಂಬರ್‌ನಿಂದ ಯುಎಇ ಪ್ರವಾಸಿ ವೀಸಾ ವಿಷಯದಲ್ಲಿ ತಕರಾರು ತೆಗೆಯುತ್ತಿದೆ. ದುಬೈಗೆ ಹೆಸರಿನ ತೊಡಕು ಅಂದದ್ದು ಇದನ್ನೇ. ಮುಂದೆ ಎಂದಾದರೂ ಹೋಗಬೇಕೆನ್ನಿಸಬಹುದು. ಆದ್ದರಿಂದ ಈಗಲೇ ಪಾಸ್‌ಪೋರ್ಟಿನ ಹೆಸರು, ಉಪನಾಮ ಎರಡೂ ಜಾಗ ತುಂಬುವ ಹಾಗೆ ಮಾಡಿಸಿ, ಅದಕ್ಕೆ ತಕ್ಕಂತೆ ಮೊದಲು ಆಧಾರ್ ತಿದ್ದಿಸಿ.

ನೀವು ಸರ್ಕಾರಿ ನೌಕರರು. ಪಾಸ್‌ಪೋರ್ಟ್ ಅರ್ಜಿಗೆ ಇಲಾಖೆಯ ನಿರಾಕ್ಷೇಪಣಾ ಪತ್ರ ಇಲ್ಲವೇ ನೀವೇ ಇಲಾಖೆಗೆ ಕೊಟ್ಟ ಪೂರ್ವಸೂಚನೆಯ ಪ್ರತಿ ಬೇಕು. ವಿದೇಶಕ್ಕೆ ಹೋಗಲು ಇಲಾಖೆಯ ಅನುಮತಿ ಬೇರೆ. ಆ ಕಡತ ನಿಧಾನ ಓಡುತ್ತದೆ, ಡಿಸೆಂಬರ್ ಒಳಗೇ ಅರ್ಜಿ ಕೊಡಿ. ಮಗನ ಪಾಸ್‌ಪೋರ್ಟಿಗೆ ಜನನ ಪ್ರಮಾಣಪತ್ರ, ನಿಮ್ಮಿಬ್ಬರ ಒಪ್ಪಿಗೆ ಬೇಕು. ಚಿಕ್ಕ ಮಕ್ಕಳ ಪಾಸ್‌ಪೋರ್ಟಿಗೆ ಐದೇ ವರ್ಷ ಅವಧಿ.

ಐದು ಪಾಸ್‌ಪೋರ್ಟ್ ಕೈಗೆ ಬಂದ ಮೇಲೆಯೇ ವಿಮಾನದ ಟಿಕೆಟ್ ಮಾಡಿ, ಮುಂಚೆ ಬೇಡ. ಟಿಕೆಟ್‌ನಲ್ಲಿ ಹೆಸರನ್ನು ಪಾಸ್‌ಪೋರ್ಟ್ ನೋಡಿಕೊಂಡೇ ಒಂದೊಂದು ಅಕ್ಷರ ಬರೆಯಿರಿ. ಜನವರಿ ಕೊನೆಗೆ ಇಷ್ಟಾದರೆ ಮೇ ಎರಡನೇ ವಾರಕ್ಕೆ ದರ ಇನ್ನೂ ಏರಿರುವುದಿಲ್ಲ. ಈ ಭಾನುವಾರವೇ ಅತ್ತೆಯವರ ಆಧಾರ್, ವೋಟರ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಪಕ್ಕಪಕ್ಕ ಇಟ್ಟು, ಹೆಸರು ಒಂದೇ ಥರ ಇದೆಯಾ ನೋಡಿ.